ಐಡ್ಲಿಂಗ್‌ನಲ್ಲಿ ಎಂಜಿನ್ ಸ್ಥಗಿತ

ಕಾರು ನಿಲ್ಲುವಾಗ ಅಥವಾ ನಿಂತಿರುವಾಗ ಎಂಜಿನ್ ತಾನಾಗಿಯೇ ಬಂದ್ ಆಗುವ ದೋಷವನ್ನು ಐಡ್ಲಿಂಗ್ ಸ್ಥಗಿತ ಎನ್ನಬಹುದು. ಆಕ್ಸಿಲರೇಟರ್ ಬಿಟ್ಟಾಗಲೂ ಎಂಜಿನ್ ತಿರುಗುತ್ತಿರಬೇಕು. ಪೆಟ್ರೋಲ್ ಕಾರುಗಳಲ್ಲಿ ಈ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 700ರಿಂದ 900 ಸುತ್ತು.

ಕಾರಣಗಳು

ಆಕ್ಸಿಲರೇಟರ್ ಬಿಟ್ಟಾಗ ಥ್ರಾಟಲ್ ಕವಾಟ ಬಹುಮಟ್ಟಿಗೆ ಮುಚ್ಚಿ, ಎಂಜಿನ್‌ಗೆ ಅತ್ಯಲ್ಪ ಗಾಳಿ ಮಾತ್ರ ಸಿಗುತ್ತದೆ. ಆದ್ದರಿಂದ ವೇಗದಲ್ಲಿ ಕಾಣದ ಸಣ್ಣ ದೋಷವೂ ಆಗ ಪ್ರಕಟವಾಗುತ್ತದೆ. ಆಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಹಳೆಯ ಕಾರುಗಳಲ್ಲಿ ಕಾರ್ಬ್ಯುರೇಟರ್‌ನ ಸಣ್ಣ ಜೆಟ್‌ನಲ್ಲಿ ಕಸ ಕಟ್ಟುವುದು ಸಾಮಾನ್ಯ ಕಾರಣ. ಇಂಧನ ಇಂಜೆಕ್ಷನ್ ಕಾರುಗಳಲ್ಲಿ ಥ್ರಾಟಲ್ ಬಾಡಿಯ ಮಸಿ, ಐಡಲ್ ಕವಾಟದ ದೋಷ, ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪು, ಸವೆದ ಸ್ಪಾರ್ಕ್ ಪ್ಲಗ್, ದುರ್ಬಲ ಇಂಧನ ಪಂಪು ಕಾರಣವಾಗಬಹುದು.

ಪತ್ತೆ ಮಾಡುವ ಕ್ರಮ

ದೋಷ ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದೇ ಮೊದಲ ಸುಳಿವು. ಬ್ರೇಕ್ ಒತ್ತಿದಾಗ ಮಾತ್ರ ಎಂಜಿನ್ ನಿಂತರೆ ಬ್ರೇಕ್ ಬೂಸ್ಟರ್‌ನ ಗಾಳಿ ಸೋರಿಕೆಯನ್ನೂ, ಏಸಿ ಹಾಕಿದಾಗ ನಿಂತರೆ ಐಡಲ್ ನಿಯಂತ್ರಣವನ್ನೂ ಪರೀಕ್ಷಿಸಬೇಕು. ಸ್ಕ್ಯಾನರ್‌ನಲ್ಲಿ ಕಾಣುವ ಪಿ0505 ಸಂಕೇತ ಐಡಲ್ ನಿಯಂತ್ರಣ ವ್ಯವಸ್ಥೆಯ ದೋಷವನ್ನು ಸೂಚಿಸುತ್ತದೆ.

ದುರಸ್ತಿ

ಏರ್ ಫಿಲ್ಟರ್, ಪೈಪು ಮತ್ತು ಪ್ಲಗ್‌ಗಳನ್ನು ನೋಡಿದ ಬಳಿಕ ಥ್ರಾಟಲ್ ಬಾಡಿಯನ್ನು ಶುಚಿಗೊಳಿಸಲಾಗುತ್ತದೆ. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಹಲವು ಕಾರುಗಳಲ್ಲಿ ಅನಂತರ ಐಡಲ್ ಮಟ್ಟವನ್ನು ಮರುಹೊಂದಿಸಬೇಕಾಗುತ್ತದೆ. ಮೂಲದೋಷ ಸರಿಪಡಿಸದೆ ಐಡಲ್ ವೇಗವನ್ನಷ್ಟೇ ಏರಿಸುವುದು ಪರಿಹಾರವಲ್ಲ.

ಸುರಕ್ಷತೆ

ಎಂಜಿನ್ ನಿಂತರೆ ಪವರ್ ಸ್ಟೀರಿಂಗ್‌ನ ನೆರವು ತಪ್ಪಬಹುದು. ಬೂಸ್ಟರ್‌ನಲ್ಲಿ ಉಳಿದ ಶಕ್ತಿಯೂ ಕೆಲವೇ ಬಾರಿ ಬ್ರೇಕ್ ಒತ್ತುವುದರೊಳಗೆ ಮುಗಿಯುತ್ತದೆ. ಹಾಸನ–ಮಂಗಳೂರು ಮಾರ್ಗದ ಶಿರಾಡಿ ಘಾಟಿಯಂಥ ಇಳಿಜಾರಿನಲ್ಲಿ ಇದು ಪ್ರಾಣಾಪಾಯಕ್ಕೆ ಎಡೆಮಾಡಬಹುದು. ಆದ್ದರಿಂದ ಘಾಟಿ ಪ್ರಯಾಣಕ್ಕೆ ಮುನ್ನವೇ ದೋಷವನ್ನು ಸರಿಪಡಿಸುವುದು ಅಗತ್ಯ.