ಅಜ್ಜಿಯ ಕಾಸಿನ ಸರ

ನಮ್ಮ ಮನೆಯ ಹಳೆಯ ಫೋಟೊ ಒಂದರಲ್ಲಿ ಅಜ್ಜಿ ಕಾಸಿನ ಸರ ಹಾಕಿಕೊಂಡು ಕುಳಿತಿದ್ದಾಳೆ. ಹಿಂದೆ ಅಜ್ಜ ಕೋಟು, ರುಮಾಲಿನಲ್ಲಿ ನಿಂತಿದ್ದಾನೆ. ಮದುವೆಯಾದ ಹೊಸದರಲ್ಲಿ ಹಾಸನಕ್ಕೆ ಹೋಗಿ ತೆಗೆಸಿದ್ದಂತೆ. ನಾನು ಕಂಡ ಅಜ್ಜಿಯ ಕೊರಳಲ್ಲಿ ಕರಿಮಣಿ ಬಿಟ್ಟರೆ ಬೇರೇನೂ ಇರಲಿಲ್ಲ. ಸರ ಎಲ್ಲಿ ಹೋಯಿತೆಂದು ಕೇಳಿದರೆ, "ನಿಮ್ಮಜ್ಜನ ತೋಟ ತಿಂದ್ಕೊಂಡ್ ಹೋಯ್ತು ಕಣ್ ಮಗ" ಎಂದು ನಗುತ್ತಿದ್ದಳು. ಸೋದರತ್ತೆ ಮಾತ್ರ ನಗುತ್ತಿರಲಿಲ್ಲ. "ಅಪ್ಪಯ್ಯಂಗೆ ವ್ಯವಹಾರ ತಿಳೀತಿರ್ಲಿಲ್ಲ. ಅವ್ವನ ಮೈಮೇಲಿದ್ದ ಚಿನ್ನಾನೆಲ್ಲ ಕಳೆದ" ಎನ್ನುತ್ತಿದ್ದಳು. ಜಗಲಿಯ ಮೇಲೆ ಕುಳಿತ ಅಜ್ಜನಿಗೆ ಇದು ಕೇಳಿಸುತ್ತಿತ್ತು. ಒಂದು ದಿನವೂ ಎದುರು ಮಾತಾಡಲಿಲ್ಲ. ಹಾಗೇ ತೀರಿಕೊಂಡ.

ಮುಂದೆ ನಾನು ಮೇಷ್ಟರ ಕೆಲಸಕ್ಕೆ ಸೇರಿ ಮಕ್ಕಳಿಗೆ ಇತಿಹಾಸ ಹೇಳತೊಡಗಿದೆ. 1929ರ ಆರ್ಥಿಕ ಕುಸಿತದ ಪಾಠ ಪ್ರತಿ ವರ್ಷ ಬರುತ್ತಿತ್ತು. ಅಮೆರಿಕ, ಜರ್ಮನಿ, ಇಂಗ್ಲೆಂಡ್ ಎಂದು ಹಲಗೆಯ ಮೇಲೆ ಬರೆದು ಬರುತ್ತಿದ್ದೆ. ಒಮ್ಮೆ ಯಾವುದೋ ಕಾಗದಕ್ಕಾಗಿ ದೊಡ್ಡಪ್ಪನ ಶಾಲೆಯ ದಾಖಲೆ ತೆಗೆಸಬೇಕಾಯಿತು. ಹುಟ್ಟಿದ ವರ್ಷ 1932 ಎಂದಿತ್ತು. ಸರ ಮಾರಿದ್ದು ಯಾವಾಗ ಎಂದರೆ ಅಜ್ಜಿ ಯಾವಾಗಲೂ "ನಿಮ್ಮ ದೊಡ್ಡಪ್ಪ ಹೊಟ್ಟೇಲಿದ್ದಾಗ" ಎನ್ನುತ್ತಿದ್ದಳು. ಹಾಗಾದರೆ 1931ರ ಕೊನೆ, ಇಲ್ಲವೇ 1932. ಅಷ್ಟು ವರ್ಷ ಹಲಗೆಯ ಮೇಲೆ ಬರೆದ ಪಾಠ ಆ ದಿನ ನಮ್ಮ ಮನೆಯೊಳಗೆ ಬಂದು ಕುಳಿತಿತು.

ಅಜ್ಜ ಮದುವೆಗೆ ಮೊದಲೇ ಸಾಲ ಮಾಡಿ ಎರಡು ಎಕರೆ ಹೊಸ ಕಾಫಿ ಹಾಕಿದ್ದ. ಇದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ಕಾಲಕ್ಕೆ ದೂರದಲ್ಲಿ ಏನಾಗುತ್ತಿತ್ತು ನೋಡಿ.

1925ರಲ್ಲಿ ಇಂಗ್ಲೆಂಡಿನ ಹಣಕಾಸು ಮಂತ್ರಿ ಚರ್ಚಿಲ್, ಪೌಂಡಿಗೆ ಮೊದಲ ಮಹಾಯುದ್ಧದ ಮುಂಚೆ ಇದ್ದಷ್ಟೇ ಚಿನ್ನದ ಬೆಲೆ ಕಟ್ಟಿದರು. ಪೌಂಡು ದುಬಾರಿಯಾಯಿತು, ಅಲ್ಲಿಯ ಕಲ್ಲಿದ್ದಲನ್ನು ಹೊರಗೆ ಕೊಳ್ಳುವವರು ಕಡಿಮೆಯಾದರು. ಗಣಿ ಮಾಲೀಕರು ಕೂಲಿ ಕಡಿಮೆ ಮಾಡುತ್ತೇವೆಂದರು. 1926ರ ಮೇ ತಿಂಗಳಲ್ಲಿ ಒಂಬತ್ತು ದಿನ ದೇಶದಾದ್ಯಂತ ಮುಷ್ಕರ ನಡೆಯಿತು. ಉಳಿದವರು ಕೆಲಸಕ್ಕೆ ಮರಳಿದ ಮೇಲೂ ಗಣಿಯವರು ತಿಂಗಳುಗಟ್ಟಲೆ ಹೊರಗಿದ್ದು, ಕೊನೆಗೆ ಹೊಟ್ಟೆಗಿಲ್ಲದೆ ಸೋತರು. ಅರ್ಥಶಾಸ್ತ್ರಜ್ಞ ಕೇನ್ಸ್ ಇದನ್ನು ಮೊದಲೇ ಎಚ್ಚರಿಸಿದ್ದರು.

ನಮ್ಮ ರೂಪಾಯಿಗೂ ಇದೇ ಗತಿಯಾಯಿತು. ಹಿಲ್ಟನ್ ಯಂಗ್ ಆಯೋಗದ ಮಾತಿನಂತೆ 1927ರಲ್ಲಿ ಒಂದು ರೂಪಾಯಿಗೆ ಒಂದು ಶಿಲಿಂಗ್ ಆರು ಪೆನ್ಸ್ ಎಂದು ಕಾನೂನು ಮಾಡಿದರು. ಒಂದು ಶಿಲಿಂಗ್ ನಾಲ್ಕು ಪೆನ್ಸ್ ಸಾಕೆಂದು ಆಯೋಗದಲ್ಲಿದ್ದ ಪುರುಷೋತ್ತಮದಾಸ್ ಠಾಕೂರ್‌ದಾಸ್ ವಾದಿಸಿ ಸೋತರು. ಎರಡು ಪೆನ್ಸ್ ಏನು ಮಹಾ ಎನ್ನಬೇಡಿ, ಮಕ್ಕಳಿಗೆ ಹೇಳುವ ಹಾಗೆ ಲೆಕ್ಕ ಹಾಕಿ ನೋಡೋಣ. ಪೌಂಡಿಗೆ 240 ಪೆನ್ಸ್. ಲಂಡನ್ನಿನಲ್ಲಿ ನೂರು ಪೌಂಡಿಗೆ ಮಾರಿದ ಕಾಫಿಗೆ ಹಳೆಯ ದರದಲ್ಲಿ 1500 ರೂಪಾಯಿ ಬರಬೇಕು. ಹೊಸ ದರದಲ್ಲಿ ಬಂದದ್ದು 1333. ಆದರೆ ಕಂದಾಯ, ಬಡ್ಡಿ, ಆಳಿನ ಕೂಲಿ ಎಲ್ಲ ರೂಪಾಯಿಯಲ್ಲೇ, ಮೊದಲಿನಷ್ಟೇ. ಬ್ರಿಟಿಷ್ ಸರ್ಕಾರಕ್ಕೆ ಇದು ಅನುಕೂಲ, ಏಕೆಂದರೆ ಅದು ಇಂಗ್ಲೆಂಡಿಗೆ ಪೌಂಡಿನಲ್ಲಿ ಕಟ್ಟಬೇಕಾದ ಪಿಂಚಣಿ, ಬಡ್ಡಿಗಳಿಗೆ ಕಡಿಮೆ ರೂಪಾಯಿ ಸಾಕಾಗುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ನಡೆಯುತ್ತಿದ್ದುದೂ ಅದೇ ರೂಪಾಯಿ. ಕುಂದೂರಿನ ತೋಟವೂ ಅದರ ಹೊರಗಿರಲಿಲ್ಲ.

ಅದರ ಮೇಲೆ 1929 ಬಂತು. ಲೋಕದಲ್ಲೆಲ್ಲ ಬೆಳೆದದ್ದಕ್ಕೆ ಬೆಲೆ ಇಳಿಯಿತು. ನಮ್ಮ ದೇಶದಲ್ಲಿ 1928ರಿಂದ 1934ರೊಳಗೆ ಗೋಧಿಯ ಬೆಲೆ ಅರ್ಧಕ್ಕಿಳಿಯಿತು, ಕಾಫಿಯದೂ ಕುಸಿಯಿತು. ಬೆಲೆ ಅರ್ಧವಾದರೆ ಸಾಲ ಎರಡರಷ್ಟಾದಂತೆ. ಹತ್ತು ಮೂಟೆ ಮಾರಿ ತೀರಿಸಬೇಕಾದ್ದಕ್ಕೆ ಇಪ್ಪತ್ತು ಮೂಟೆ ಬೇಕು. "ಆ ವರ್ಷ ಮೇಸ್ತ್ರಿ ಅರ್ಧ ಜನಾನೇ ಘಟ್ಟ ಹತ್ತಿಸ್ಕೊಂಡ್ ಬಂದಿದ್ದ. ಬಂದೋರ್ಗೂ ವಾರ ಪೂರ್ತಿ ಕೆಲಸ ಇಲ್ಲ" ಎಂದು ಅಜ್ಜಿ ಹೇಳುತ್ತಿದ್ದಳು. ಕೆಲಸದವಳೊಬ್ಬಳು ಕಾಲಿನ ಬೆಳ್ಳಿ ಕಡಗ ತಂದು, ಅದಕ್ಕೆ ಭತ್ತ ಕೊಡಿ ಎಂದು ಅಂಗಳದಲ್ಲಿ ನಿಂತಿದ್ದಳಂತೆ. ನಮ್ಮಜ್ಜಿಗೆ ಮಾರಲು ಚಿನ್ನವಾದರೂ ಇತ್ತು.

1931ರ ಸೆಪ್ಟೆಂಬರ್ 21ರಂದು ಇಂಗ್ಲೆಂಡ್ ಪೌಂಡಿಗೂ ಚಿನ್ನಕ್ಕೂ ಇದ್ದ ಗಂಟನ್ನು ಬಿಚ್ಚಿತು. ಗಾಂಧೀಜಿ ಆಗ ಲಂಡನ್ನಿನಲ್ಲೇ ಇದ್ದರು. ಅದೇ ತಿಂಗಳ ಕೊನೆಗೆ ಅವರು ಲ್ಯಾಂಕಾಶೈರಿಗೆ ಹೋಗಿ ಕೆಲಸ ಕಳೆದುಕೊಂಡ ಗಿರಣಿ ಕಾರ್ಮಿಕರನ್ನು ಕಂಡರು. ರೂಪಾಯಿಯನ್ನು ಪೌಂಡಿಗೇ ಕಟ್ಟಿದ್ದರಿಂದ ಚಿನ್ನದ ಎದುರು ಅದೂ ಇಳಿಯಿತು. ತೊಲಕ್ಕೆ ಇಪ್ಪತ್ತೊಂದು, ಇಪ್ಪತ್ತೆರಡು ರೂಪಾಯಿಯಿದ್ದ ಚಿನ್ನ ಒಂದೆರಡು ವರ್ಷದಲ್ಲಿ ಮೂವತ್ತು ದಾಟಿತು. ಕೈಯಲ್ಲಿ ಕಾಸಿಲ್ಲ, ಕಂದಾಯದ ಕಂತು ಬಂದಿದೆ, ಏರಿದ್ದು ಚಿನ್ನ ಒಂದೇ. ಹಳ್ಳಿಹಳ್ಳಿಯ ಹೆಂಗಸರ ಕೊರಳಿಂದ, ಕಿವಿಯಿಂದ ಇಳಿದದ್ದು ಚಿನಿವಾರರ ಕುಲುಮೆಯಲ್ಲಿ ಕರಗಿ, ಬೊಂಬಾಯಿಗೆ ಹೋಗಿ, ಹಡಗಿನಲ್ಲಿ ಲಂಡನ್ ಸೇರಿತು.

ಅಲ್ಲಿ ಅದು ವ್ಯರ್ಥವಾಗಲಿಲ್ಲ. ಪೌಂಡು ಚೇತರಿಸಿಕೊಂಡಿತು. 1932ರ ಫೆಬ್ರವರಿಯಿಂದ ಜೂನ್ ಒಳಗೆ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಬಡ್ಡಿಯನ್ನು ಶೇಕಡಾ 6ರಿಂದ 2ಕ್ಕೆ ಇಳಿಸಿತು. ಅಗ್ಗದ ಸಾಲದಲ್ಲಿ ಮನೆಗಳು ಎದ್ದವು, ಗಾರೆಯವರಿಗೆ, ಬಡಗಿಗಳಿಗೆ ಕೆಲಸ ಸಿಕ್ಕಿತು. ಇಂಗ್ಲೆಂಡಿನಲ್ಲಿ ಆಗ ಸುಮಾರು ಮೂವತ್ತು ಲಕ್ಷ ನಿರುದ್ಯೋಗಿಗಳು. ಜರ್ಮನಿಯಲ್ಲಿ ಅರವತ್ತು ಲಕ್ಷ. ಅಲ್ಲಿ ಸರ್ಕಾರ ಸಂಬಳಗಳನ್ನೇ ಕಡಿದು ಕುಳಿತಿತ್ತು, ಮರು ವರ್ಷ ಹಿಟ್ಲರ್ ಬಂದ. ಕೆಲಸ ಸಿಕ್ಕ ಆ ಗಾರೆಯವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಹೆಂಡತಿಯೂ ಏನಾದರೂ ಅಡವಿಟ್ಟಿದ್ದಿರಬಹುದು. ಆದರೆ ಅವನ ಪಾಡು ನೋಡಿ ಬಡ್ಡಿ ಇಳಿಸಿದವರು, ಕುಂದೂರಿನ ಪಾಡು ನೋಡಿ ರೂಪಾಯಿಯ ದರ ಇಳಿಸಲಿಲ್ಲ.

ಇದು ಹಳೆಯ ಕಥೆಯಲ್ಲ. 1991ರಲ್ಲಿ ವಿದೇಶಿ ಹಣ ಬರಿದಾದಾಗ ನಮ್ಮ ದೇಶವೇ ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನಿನ ಬ್ಯಾಂಕುಗಳಲ್ಲಿ ಅಡವಿಟ್ಟಿತು. 2010ರ ಹೊತ್ತಿಗೆ ಗ್ರೀಸಿನಲ್ಲಿ ಸಾಲ ಮಿತಿಮೀರಿತ್ತು. ಯೂರೋ ಹಲವು ದೇಶಗಳ ನಾಣ್ಯವಾದ್ದರಿಂದ ಅದರ ಬೆಲೆ ಇಳಿಸುವುದು ಗ್ರೀಸಿನ ಕೈಯಲ್ಲಿರಲಿಲ್ಲ. ಸಂಬಳಗಳು ಇಳಿದವು. 2013ರ ಹೊತ್ತಿಗೆ ಕೆಲಸ ಹುಡುಕುವ ಹುಡುಗ ಹುಡುಗಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಕೆಲಸವಿರಲಿಲ್ಲ. ಅಲ್ಲೂ ಚಿನ್ನ ಕೊಳ್ಳುವ ಅಂಗಡಿಗಳು ಬೀದಿಬೀದಿಯಲ್ಲಿ ತೆರೆದುಕೊಂಡವು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪ್ರತಿ ವರ್ಷ ಹಣ್ಣು ಕುಯ್ಲಿಗೆ ಮುಂಚೆ ಬಳೆ ಅಡವಿಟ್ಟು ಆಳುಗಳಿಗೆ ಬಟವಾಡೆ ಮಾಡುತ್ತಾಳೆ. ಹೋದ ಸಲ ಸಿಕ್ಕಾಗ, "ನಮ್ಮನೆಯವ್ರಿಗೆ ವ್ಯವಹಾರ ತಿಳಿಯಲ್ಲ ಟೀಚರ್" ಎಂದಳು. ನನಗೆ ಎದೆ ಧಸಕ್ಕೆಂದಿತು. ಕೂರಿಸಿಕೊಂಡು ಈ ಕಥೆಯನ್ನೆಲ್ಲ ಹೇಳಿದೆ. ರೊಬಸ್ಟಾ ಬೆಲೆ ಲಂಡನ್ನಿನಲ್ಲಿ, ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ ನಿಲ್ಲುತ್ತದೆ, ಅಡವಿನ ಬಡ್ಡಿಯ ಹಿಂದೆ ರಿಸರ್ವ್ ಬ್ಯಾಂಕಿನ ದರವಿದೆ, ಗಂಡನನ್ನು ಬಯ್ಯುವ ಮುಂಚೆ ಇವನ್ನೂ ಒಂದಿಷ್ಟು ನೋಡು ಎಂದೆ. "ನೋಡಿದ್ರೆ ಬಳೆ ಬರುತ್ತಾ?" ಎಂದಳು. ಬರುವುದಿಲ್ಲ. ಆದರೆ ಮನೆಯೊಳಗೆ ಒಬ್ಬರನ್ನೊಬ್ಬರು ಹಳಿಯುವುದಾದರೂ ತಪ್ಪುತ್ತದೆ.

ಈಗ ಸೋದರತ್ತೆಗೆ ಎಂಬತ್ತು ದಾಟಿದೆ. ಅವಳಿಗೂ ಎಲ್ಲ ಹೇಳಿದೆ. ಪೌಂಡು, ಪೆನ್ಸು ಎಷ್ಟು ತಿಳಿಯಿತೋ, ಬಹಳ ಹೊತ್ತು ಸುಮ್ಮನಿದ್ದಳು. "ಹಂಗಾದ್ರೆ ಅಪ್ಪಯ್ಯಂದು ತಪ್ಪಿರ್ಲಿಲ್ವಾ?" ಎಂದು ಕೇಳಿದಳು. "ಸಾಲ ಮಾಡಿದ್ದು ಅಜ್ಜಾನೇ ಅತ್ತೆ. ಆದ್ರೆ ಸಾಲ ಎರಡರಷ್ಟಾಗಿದ್ದು ಅಜ್ಜನಿಂದ ಅಲ್ಲ" ಎಂದೆ.

ಫೋಟೊ ಕೊಡು ಎಂದು ಕೈ ಚಾಚಿದಳು. ಕನ್ನಡಕ ಹಾಕಿಕೊಂಡು, ಸರದ ಕಡೆ ನೋಡದೆ, ಹಿಂದೆ ನಿಂತ ಅಜ್ಜನ ಮುಖವನ್ನೇ ಸೆರಗಿನಿಂದ ಒರೆಸಿದಳು.