ತಂದೆಯ ತೊಟ್ಟಿ, ಮಗನ ಮಣ್ಣು

ಮೀನಿನ ತೊಟ್ಟಿಯ ನೀರು ತಿಳಿಯಾಗಿದ್ದರೆ ಸಾಕೆಂದು ನೀವೂ ನಂಬಿರಬಹುದು. ನಾನು ಹಾಗೆ ನಂಬಿಯೇ ತರಗತಿಯ ತೊಟ್ಟಿಯ ಮರಳನ್ನೆಲ್ಲ ತಿಕ್ಕಿ ತೊಳೆದು, ಬಾವಿಯ ಹೊಸ ನೀರು ತುಂಬಿದೆ. ವಾರದೊಳಗೆ ಮೀನುಗಳು ಸತ್ತವು. ಹುಡುಗರಿಗೆ ಮುಖ ತೋರಿಸುವುದು ಕಷ್ಟವಾಯಿತು. ಕಾರಣ ಹುಡುಕಹೋದಾಗ ದೊರೆತದ್ದು ತಂದೆ ಮಗನ ಕಥೆ.

1849ರಲ್ಲಿ ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಗೆ ಅರ್ಧದಷ್ಟು ನೀರು ಹಾಕಿ, ಎರಡು ಹೊಂಬಣ್ಣದ ಮೀನುಗಳನ್ನು ಬಿಟ್ಟು, ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನು ನೆಟ್ಟನು. ಮೀನು ಬಿಟ್ಟ ಅಂಗಾರಾಮ್ಲವನ್ನು ಗಿಡ ಹೀರಿ ಆಮ್ಲಜನಕವನ್ನು ಮರಳಿ ಕೊಡಬೇಕು, ಲೆಕ್ಕವೇನೋ ಸರಿ. ಆದರೆ ಎಲೆ ಕೊಳೆತು ನೀರು ಕದಡಿತು. ಐದಾರು ಬಸವನಹುಳುಗಳನ್ನು ಬಿಟ್ಟ ಮೇಲೆ ಅವು ಕೊಳೆತದ್ದನ್ನು ತಿಂದು ತೀರಿಸಿದವು. 1850ರಲ್ಲಿ ಅವನು ಇದನ್ನು ಪ್ರಕಟಿಸಿದನು.

ಮೀನಿನ ಮೈಯಿಂದ ಹೊರಬೀಳುವ ಅಮೋನಿಯ ಏನಾಯಿತು? ಅದು ಕಣ್ಣಿಗೆ ಕಾಣದ ವಿಷ. ಉತ್ತರ ದೊರೆತದ್ದು ಅವನದೇ ಹೆಸರಿನ ಮಗನ ಕೆಲಸದಲ್ಲಿ. ಅದೂ ತೊಟ್ಟಿಯಲ್ಲಲ್ಲ, ರಾಥಮ್‌ಸ್ಟೆಡ್ಡಿನ ಹೊಲದ ಮಣ್ಣಿನಲ್ಲಿ! ಒಂದು ಬಗೆಯ ಸೂಕ್ಷ್ಮಜೀವಿ ಅಮೋನಿಯವನ್ನು ನೈಟ್ರೈಟಾಗಿಯೂ ಇನ್ನೊಂದು ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆಂದು ಅವನು 1891ರ ವೇಳೆಗೆ ತೋರಿಸಿದ್ದನು. ಮೊದಲಿನೆರಡೂ ಮೀನಿಗೆ ವಿಷ, ಮೂರನೆಯದು ಬಹಳ ಸೌಮ್ಯ. ಅಂಥ ಜೀವಿಗಳೇ ತೊಟ್ಟಿಯ ಮರಳಿಗೂ ಗಾಜಿಗೂ ಅಂಟಿ ಬೆಳೆಯುತ್ತವೆ. ನೆಲೆಗೊಳ್ಳಲು ಅವಕ್ಕೆ ಕೆಲವು ವಾರಗಳು ಬೇಕು. ನಾನು ತಿಕ್ಕಿ ತೊಳೆದದ್ದು ಅವನ್ನೇ. ಈಗ ನಾಲ್ಕರಲ್ಲೊಂದು ಪಾಲು ನೀರನ್ನು ಮಾತ್ರ ಬದಲಿಸುತ್ತೇನೆ; ಮರಳಿನ ತಂಟೆಗೆ ಹೋಗುವುದಿಲ್ಲ.