ಕಾರಿನ ಕಪ್ಪು ಗಾಜು: ದಂಡದ ಹಿಂದಿನ ಕಾನೂನು ಬೆಳೆದು ಬಂದ ದಾರಿ

ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದರೆ ದಂಡ ಎಂಬುದು ಎಲ್ಲರಿಗೂ ಗೊತ್ತು. ಆದರೆ ಯಾವ ನಿಯಮದಡಿ, ಎಷ್ಟು ಕಪ್ಪಾದರೆ ತಪ್ಪು ಎಂದು ಕೇಳಿದರೆ ಹೆಚ್ಚಿನವರ ಬಳಿ ಉತ್ತರವಿಲ್ಲ. ಈ ದಂಡವನ್ನು ಕೋರ್ಟಿನಲ್ಲಿ ಪ್ರಶ್ನಿಸುವವರು ಮೊದಲು ಅದರ ಇತಿಹಾಸ ತಿಳಿದಿರಬೇಕು.

ಎಲ್ಲದರ ಮೂಲ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿರುವ 100ನೇ ನಿಯಮ. ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ. 70ರಷ್ಟು, ಪಕ್ಕದ ಕಿಟಕಿಗಳ ಮೂಲಕ ಕನಿಷ್ಠ ಶೇ. 50ರಷ್ಟು ಬೆಳಕು ಹಾಯಬೇಕು ಎನ್ನುತ್ತದೆ ಅದು. ಹಾಗಾದರೆ ಶೇ. 50ರಷ್ಟು ಬೆಳಕು ಬಿಡುವ ಫಿಲ್ಮ್ ಅಂಟಿಸಬಹುದಲ್ಲ ಎಂದು ಜನ ಅರ್ಥ ಮಾಡಿಕೊಂಡರು. ಫಿಲ್ಮ್ ವ್ಯಾಪಾರ ಬೆಳೆದದ್ದೂ ಇದೇ ನಂಬಿಕೆಯ ಮೇಲೆ.

2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಆ ನಂಬಿಕೆಯನ್ನು ಮುರಿಯಿತು. ಅವಿಷೇಕ್ ಗೋಯೆಂಕಾ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಅದು. ಕಪ್ಪು ಗಾಜಿನ ಮರೆಯಲ್ಲಿ ಅಪರಾಧಗಳು ನಡೆಯುತ್ತಿವೆ, ಹೆಣ್ಣುಮಕ್ಕಳ ಸುರಕ್ಷತೆಗೂ ಅಪಾಯವಿದೆ ಎಂಬುದು ಅರ್ಜಿಯ ದೂರು. ನಿಯಮ ಹೇಳುವುದು ತಯಾರಾಗಿ ಬಂದ ಗಾಜಿನ ಬಗ್ಗೆ, ಅದರ ಮೇಲೆ ಆಮೇಲೆ ಏನನ್ನೂ ಅಂಟಿಸುವಂತಿಲ್ಲ ಎಂದು ಕೋರ್ಟ್ ತೀರ್ಪು ಕೊಟ್ಟಿತು. ಬೆಳಕು ಎಷ್ಟು ಹಾಯುತ್ತದೆ ಎಂಬ ಲೆಕ್ಕವೇ ಬೇಡವಾಯಿತು. ಆ ವರ್ಷದ ಮೇ 4ರಿಂದ ದೇಶದಾದ್ಯಂತ ಪೊಲೀಸರು ದಂಡ ಹಾಕಿ, ಫಿಲ್ಮ್ ಕಿತ್ತುಹಾಕತೊಡಗಿದರು. ಝಡ್ ಮತ್ತು ಝಡ್ ಪ್ಲಸ್ ಭದ್ರತೆ ಇದ್ದವರಿಗೆ ಮಾತ್ರ ವಿನಾಯಿತಿಯ ದಾರಿ ಉಳಿಯಿತು. ಆದೇಶ ಬದಲಿಸಿ ಎಂದು ಫಿಲ್ಮ್ ಉದ್ಯಮದವರು ಹೋದರೂ ಆಗಸ್ಟ್‌ನಲ್ಲಿ ಕೋರ್ಟ್ ಒಪ್ಪಲಿಲ್ಲ.

ಮುಂದಿನ ತಿರುವು ಬಂದದ್ದು ಸದ್ದಿಲ್ಲದೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ 'ಸೇಫ್ಟಿ ಗ್ಲಾಸ್' ಜೊತೆಗೆ 'ಸೇಫ್ಟಿ ಗ್ಲೇಜಿಂಗ್' ಎಂಬ ಪದ ನಿಯಮದೊಳಗೆ ಬಂತು. ಒಳಮೈಗೆ ಪ್ಲಾಸ್ಟಿಕ್ ಫಿಲ್ಮ್ ಇರುವ ಗಾಜೂ ಈ ಪದದ ವ್ಯಾಪ್ತಿಗೆ ಬರುತ್ತದೆ. ಶೇ. 70 ಮತ್ತು ಶೇ. 50ರ ಮಿತಿ ಮಾತ್ರ ಹಾಗೆಯೇ ಉಳಿಯಿತು.

ಈ ಪದವನ್ನೇ ಹಿಡಿದು ಕೇರಳದಲ್ಲಿ ಫಿಲ್ಮ್ ವ್ಯಾಪಾರದವರೂ ದಂಡ ಬಿದ್ದ ಕಾರಿನ ಮಾಲೀಕರೂ ಹೈಕೋರ್ಟ್‌ಗೆ ಹೋದರು. ಮಿತಿಯೊಳಗಿನ, ಮಾನದಂಡಕ್ಕೆ ಒಪ್ಪುವ ಫಿಲ್ಮ್‌ಗೆ ದಂಡ ಹಾಕುವಂತಿಲ್ಲ ಎಂದು ನ್ಯಾಯಮೂರ್ತಿ ಎನ್. ನಗರೇಶ್ 2024ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತರು. 2012ರ ತೀರ್ಪು ಹಳೆಯ ನಿಯಮದ ಮೇಲೆ ನಿಂತದ್ದು ಎಂಬುದು ಇಲ್ಲಿನ ತಿರುಳು. ಕಾರು ತಯಾರಿಸುವ ಕಂಪನಿ ಮಾತ್ರ ಫಿಲ್ಮ್ ಹಾಕಬಹುದು ಎಂಬ ವಾದವನ್ನೂ ಅವರು ಒಪ್ಪಲಿಲ್ಲ.

ಹಾಗೆಂದು ನಮ್ಮೂರಿನ ಕಾರುಗಳಿಗೂ ಮಾಫಿ ಸಿಕ್ಕಿತು ಎಂದುಕೊಳ್ಳಬಾರದು. ಕೇರಳ ಹೈಕೋರ್ಟ್ ತೀರ್ಪನ್ನು ಕರ್ನಾಟಕದ ನ್ಯಾಯಾಲಯ ಪಾಲಿಸಲೇಬೇಕೆಂದಿಲ್ಲ. ಅದನ್ನು ನಮ್ಮ ಪರ ವಾದವಾಗಿ ಮುಂದಿಡಬಹುದು, ಅಷ್ಟೆ. ಹೊರಗಿನಿಂದ ಒಳಗಿರುವವರೇ ಕಾಣದಂಥ ಕಪ್ಪು ಫಿಲ್ಮ್‌ಗೆ ಈ ತೀರ್ಪಿನಲ್ಲೂ ರಕ್ಷಣೆ ಇಲ್ಲ.

ದಂಡ ಬಿದ್ದಾಗ ನೆನಪಿಡಬೇಕಾದದ್ದು ಒಂದಿದೆ. ಸ್ಥಳದಲ್ಲೇ ದುಡ್ಡು ಕಟ್ಟಿ ರಸೀದಿ ಪಡೆದರೆ, ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ ಪ್ರಕರಣ ರಾಜಿಯಾಗಿ ಅಲ್ಲಿಗೇ ಮುಗಿಯುತ್ತದೆ. ಪ್ರಶ್ನಿಸುವ ಮನಸ್ಸಿದ್ದರೆ ದಂಡ ಕಟ್ಟದೆ, ಸಮನ್ಸ್ ಬಂದಾಗ ಕೋರ್ಟಿಗೆ ಹೋಗಿ ತಪ್ಪು ಒಪ್ಪಿಕೊಳ್ಳುವುದಿಲ್ಲ ಎಂದು ಹೇಳಬೇಕು. ಆಗ ಆರೋಪ ಸಾಬೀತು ಮಾಡುವ ಹೊಣೆ ಪೊಲೀಸರದು. ಬೆಳಕು ಎಷ್ಟು ಹಾಯುತ್ತದೆ ಎಂದು ಯಂತ್ರದಲ್ಲಿ ಅಳೆದರೇ ಎಂದು ಕೇಳಬಹುದು. ಫಿಲ್ಮ್ ಕೊಂಡ ಬಿಲ್ಲು, ಅದರ ಪ್ರಮಾಣಪತ್ರ ಕೈಯಲ್ಲಿದ್ದರೆ ವಾದಕ್ಕೆ ಬಲ.

177ನೇ ಸೆಕ್ಷನ್ನಿನ ದಂಡ 2019ರ ಸೆಪ್ಟೆಂಬರ್‌ನಿಂದ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 1,500 ರೂಪಾಯಿವರೆಗೆ ಇದೆ. ಅಷ್ಟಕ್ಕಾಗಿ ಕೆಲಸ ಬಿಟ್ಟು ತಾಲ್ಲೂಕು ಕೋರ್ಟಿಗೆ ಅಲೆಯಬೇಕೇ ಎಂಬುದು ಅವರವರ ಲೆಕ್ಕ. ಆದರೆ ಕಟ್ಟುವವರೂ ಕೋರ್ಟಿಗೆ ಹೋಗುವವರೂ ಕಾನೂನು ತಿಳಿದೇ ನಿರ್ಧರಿಸಲಿ ಎಂಬುದು ನಮ್ಮ ಆಸೆ.